ಅಪ್ಪ ಹಿಡಿಸಲಿಲ್ಲ

ಅಮೆರಿಕದವರೇ ಹೆಸರು ಕೆಡಿಸಿದರು ಅಂತ
ಬಂದವರೆಲ್ಲ ದೂರುತ್ತಾರೆ.
ನಾನು ಸುಮ್ಮನೆ ಕಾರ್ಬನ್ ಹಾಳೆ ಸರಿಮಾಡುತ್ತೇನೆ.
ಸಮುದ್ರದಾಚೆ ಯಾವ ಅಧಿಕಾರಿಯೂ ಯಾರ ಹೆಸರನ್ನೂ ಮುಟ್ಟಿಲ್ಲ.
ಮುಟ್ಟಿದ್ದು ಇಲ್ಲಿ, ದಾವಣಗೆರೆ ಕೋರ್ಟಿನ ಕಾಂಪೌಂಡಿಗೆ ಒರಗಿದ
ಈ ಕುಂಟು ಮೇಜಿನ ಮೇಲೆ,
ಛಾಪಾ ಕಾಗದ ಬಿಟ್ಟು ನೂರಾ ಇಪ್ಪತ್ತು ರೂಪಾಯಿಗೆ,
ನನ್ನ ಹತ್ತು ಬೆರಳು.

ಕೊಟ್ರಬಸಪ್ಪ ಬಂದದ್ದು ಮಧ್ಯಾಹ್ನ ಮೂರಕ್ಕೆ,
ಹೋಟೆಲಿನ ಕಾವಲಿ ಆರುವ ಹೊತ್ತು.
ಮುಂಗೈ ಕೂದಲೆಲ್ಲ ಸುಟ್ಟು ಬೋಳು, ಅಂಗಿಗೆ ಬೆಣ್ಣೆ ವಾಸನೆ.
ನ್ಯೂಜೆರ್ಸಿಯಲ್ಲಿ ದೋಸೆ ಹುಯ್ಯಲು ಕರೆದಿದ್ದಾರೆ,
ಎ.ಸಿ. ಕೊಟ್ರಬಸಪ್ಪ ಅಂತಿದ್ದರೆ ನಡೆಯೋದಿಲ್ಲವಂತೆ.
'ಇಪ್ಪತ್ತು ವರ್ಷ ಒಲೆ ಮುಂದೆ ನಿಂತವಗೆ
ಎ.ಸಿ. ಇದ್ದದ್ದು ಹೆಸರಲ್ಲಷ್ಟೇ ಅಕ್ಕಾ,
ಅದನ್ನೂ ಬಿಡಿಸು ಅಂತಾರೆ.'

ಬಿಡಿಸಿದೆ.
ಎ ಅಂದರೆ ಅಣಜಿ, ಊರು.
ಸಿ ಅಂದರೆ ಚನ್ನವೀರಪ್ಪ, ತಂದೆ.
ಇದರಲ್ಲಿ ಮನೆತನದ ಹೆಸರು ಯಾವುದು?
ಅವನು ತಲೆ ಕೆರೆದುಕೊಂಡ.
'ಊರಲ್ಲಿ ಸೌದೆಮನೆಯವರು ಅಂತಾರೆ. ಹಾಕಿದರೆ ನಗ್ತಾರಾ?'
'ಯಾರು ನಗ್ತಾರೆ?'
'ಅದೂ ಹೌದು. ಅಲ್ಲಿ ನಗೋಕೆ ಯಾರಿಗೆ ಗೊತ್ತು.'
ಆದರೂ ಹಾಕಲಿಲ್ಲ.
ಮುಂದಿದ್ದದ್ದನ್ನು ಮುಂದೆ, ಹಿಂದಿದ್ದದ್ದನ್ನು ಹಿಂದೆ ಇಟ್ಟು
ಸಹಿ ಹಾಕಿಸಿ ಕಳಿಸಿದೆ.

ಬಿಡಿಸದೆ ಹೋದವರ ಪಾಡು ಬೇರೆ.
ಕೆ.ಬಿ. ಬಡಾವಣೆಯ ಸರ್ವಮಂಗಳಗೆ ಇದ್ದದ್ದು ಒಂದೇ ಹೆಸರು,
ವೀಸಾದಲ್ಲಿ 'ಮೊದಲ ಹೆಸರು ತಿಳಿದಿಲ್ಲ' ಅಂತ ಅಚ್ಚು ಹಾಕಿದರು.
ಆರು ತಿಂಗಳು 'ತಿಳಿದಿಲ್ಲ' ಆಗಿ ಓಡಾಡಿ ಬಂದಳು,
ಲೈಬ್ರರಿ ಚೀಟಿಯಲ್ಲೂ ಅದೇ.
ಜೋಪಾನವಾಗಿ ತಂದಿದ್ದಾಳೆ ಅದನ್ನ.

ನನಗೇನು ಹೊಸದಲ್ಲ.
ನಮ್ಮಜ್ಜ ರಾಯದುರ್ಗದ ಕಡೆಯಿಂದ ಹತ್ತಿ ಮಿಲ್ಲಿಗೆ ಬಂದಾಗ
ಹಾಜರಿ ಪುಸ್ತಕದಲ್ಲಿ ಆಗಲೇ ಇಬ್ಬರು ತಿಪ್ಪೇಸ್ವಾಮಿ ಇದ್ದರಂತೆ.
ಗುಮಾಸ್ತ ತಲೆಯೆತ್ತದೆ ಕೇಳಿದ: ಯಾವ ಪಾಳಿ?
ರಾತ್ರಿ ಪಾಳಿ, ಅಂದ ಅಜ್ಜ.
ಪಾಳಿ ತಿಪ್ಪೇಸ್ವಾಮಿ, ಅಂತ ಬರೆದುಕೊಂಡ.
ಮಿಲ್ಲು ಮುಚ್ಚಿ, ಚಿಮಣಿ ಉರುಳಿಸಿ, ಸೈಟು ಹಂಚಿ ಎಷ್ಟೋ ವರ್ಷ;
ನಾನಿನ್ನೂ ಪಾಳಿ ಗಂಗರತ್ನ.
ನಮ್ಮ ಮನೆಯಲ್ಲೀಗ ರಾತ್ರಿ ಎಲ್ಲರೂ ಮಲಗುತ್ತಾರೆ.
ಅದಕ್ಕೂ ಹಿಂದಿನ, ಮಗ್ಗದ ಮುಂದೆ ಕೂತಿದ್ದ ಹೆಸರು
ಅಜ್ಜಿಗೆ ಗೊತ್ತಿತ್ತು.
ನಾವು ಕೇಳಲಿಲ್ಲ.

ದೀಪಾವಳಿ ಮರುದಿನ ಕೊಟ್ರಬಸಪ್ಪನ ಫೋನು.
'ಅಕ್ಕಾ, ಇಲ್ಲಿ ನನ್ನ ಆಂಜೀ ಅಂತಾರೆ.
ಹೆಂಗಸರ ಹೆಸರಂತೆ ಅದು!
ಹಲ್ಲಿನ ಡಾಕ್ಟರ ಹತ್ರ ನರ್ಸು ಆಂಜೀ ಅಂತ ಕೂಗಿ
ನನ್ನ ಮೀಸೆ ನೋಡಿ, ಚೀಟಿ ತಿರುಗಿಸಿ ನೋಡಿದಳು.'
ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕೆವು ಇಬ್ಬರೂ.
ಆಮೇಲೆ ಅವನೇ ಅಂದ:
'ಬ್ಯಾಂಕಿನ ಕಾರ್ಡಿನಲ್ಲಿ ಜಾಗ ಸಾಲದೆ
ಕೊಟ್ರಬಸ ಅನ್ನೋ ತನಕ ಬಂದು ನಿಂತೈತಿ.
ಅಪ್ಪ ಹಿಡಿಸಲಿಲ್ಲ.'

ನಾನು ಹೂಂ ಅಂದೆ.
ಅವನ ಕಡೆ ಕಾವಲಿಗೆ ನೀರು ಚಿಮುಕಿಸಿದ ಸದ್ದು.
'ಸರಿಮಾಡಿಸೋದಾ?'
'ಬ್ಯಾಡ ಬಿಡು. ಮತ್ತೆ ಅರ್ಜಿ, ಮತ್ತೆ ಫೀಜು.
ಕರೆದರೆ ಓ ಅನ್ನೋದು ರೂಢಿ ಆಗೈತಿ.'

ಸಂಜೆ ಟೈಪ್‌ರೈಟರಿಗೆ ಮುಸುಕು ಹಾಕಿ
ಬಸ್‌ಸ್ಟ್ಯಾಂಡಿನ ಮೇಲೆ ಹಾದು ಬರುವಾಗ
ಖಾಸಗಿ ಬಸ್ಸಿನ ಹುಡುಗ ತಗಡು ಬಡಿಯುತ್ತ ಕೂಗುತ್ತಾನೆ:
ಅಣಜಿ, ಅಣಜಿ, ಅಣಜೀ...
ಯಾರೂ ಓ ಅನ್ನುವುದಿಲ್ಲ.
ಖಾಲಿ ಹಾಲಿನ ಕ್ಯಾನು ಹಿಡಿದವರು ಹತ್ತುತ್ತಾರೆ.
ಇನ್ನೊಬ್ಬ, ಹೊರಗಿಂದಲೇ,
ಕಿಟಕಿಯೊಳಗೆ ಟವೆಲ್ಲು ಎಸೆದು ಸೀಟು ಹಿಡಿಯುತ್ತಾನೆ.