ಹೊಗೆ ಮಲಗುವ ಎತ್ತರ

ಕಾನಾಕಿನಲ್ಲಿ ಸೂರ್ಯ ಮುಳುಗಿ ನಲವತ್ತನೇ ದಿನ.
ಚಂದ್ರನಿದ್ದಾನೆ. ಗಾಳಿಯಿಲ್ಲ.
ಕೊಲ್ಲಿಯ ಮಂಜುಗಡ್ಡೆ ಕೂಡ ಇವತ್ತು ನರಳುತ್ತಿಲ್ಲ.
ನಾನು ಆರ್ನಾಲುಕ್, ಕಂಬ ಓದುವವಳು:
ಹತ್ತು ಮೀಟರಿನ ಕಂಬ, ಐದು ಥರ್ಮಾಮೀಟರು,
ಅವುಗಳ ಮೇಲೆ ಬೆಳೆದ ಹಿಮಹರಳನ್ನು ದಿನಕ್ಕೆರಡು ಸಲ
ಬಣ್ಣದ ಬ್ರಶ್ಶಿನಿಂದ ಒರೆಸಬೇಕು, ಉಸಿರು ಬಿಗಿಹಿಡಿದು.
ಉಸಿರು ತಾಗಿದರೆ ಅದೂ ಹವಾಮಾನವೇ.

ಬುಡದಲ್ಲಿ ಮೈನಸ್ ಮೂವತ್ನಾಲ್ಕು.
ತುದಿಯಲ್ಲಿ ಇಪ್ಪತ್ತೇಳು.
ಬೆರ್ಗೆನ್ನಿನ ಯಂತ್ರ ನಿನ್ನೆಯೇ ಹೇಳಿತ್ತು: ಇಪ್ಪತ್ತೊಂದು.

ಅದರ ಲೆಕ್ಕದಲ್ಲಿ ನಮ್ಮೂರು ಒಂದು ಚೌಕ.
ಹಿಮನದಿ, ಗುಡ್ಡ, ಚರ್ಚು, ಆರುನೂರು ಜನ,
ಅವರಿಗಿಂತ ಹೆಚ್ಚು ಗಲಾಟೆಯ ನಾಯಿಗಳು,
ಎಲ್ಲ ಕಲಸಿ ಒಂದೇ ಮುದ್ದೆ, ಒಂದೇ ಅಂಕಿ.

ಇನುತೆಕ್ ಮಾವ ಹಾಲಿಬಟ್ ಮೀನಿನ ದಾರ ಎಳೆಯಲು ಹೊರಟಿದ್ದ.
ಅವನು ನಂಬುವುದು ಕರೆಂಟುಮನೆಯ ಚಿಮಣಿಯನ್ನು.
"ನೋಡು, ಹೊಗೆ ಮೇಲೇರಿ, ಏನೋ ತಲೆಗೆ ಬಡಿದ ಹಾಗೆ
ಅಡ್ಡ ಮಲಗಿಬಿಟ್ಟಿದೆ. ಇವತ್ತು ಚಳಿ
ನೆಲಕ್ಕೆ ಕೂತಿದೆ, ಎಬ್ಬಿಸಿದರೂ ಏಳದು.
ಗುಡ್ಡ ಹತ್ತಿದರೆ ಕೈಗವಸು ಬಿಚ್ಚಬಹುದು."

ಸುನ್ನಿವಾಗೆ ಅಂಕಿ ಕಳಿಸಿದೆ. ಷರಾ ಎಂಬ ಕಾಲಮಿನಲ್ಲಿ
ಹೊಗೆಯನ್ನೂ ಬರೆದೆ.
ಮೂರು ದಿನ ಸುದ್ದಿಯಿಲ್ಲ. ಆಮೇಲೆ ಫೋನು:
"ಎಷ್ಟು ಎತ್ತರದಲ್ಲಿ ಮಲಗಿತು?"
ಮಾವ ತೋಳು ಚಾಚಿ, ಹೆಬ್ಬೆರಳ ಉಗುರಿನಿಂದ
ಗುಡ್ಡದ ಕಪ್ಪು ಬಂಡೆಯೊಂದನ್ನು ಗುರುತು ಹಿಡಿದ.
ಇಬ್ಬರೂ ಹತ್ತಿದೆವು. ಅರವತ್ತೆರಡು ಮೀಟರು.
ಕೈಗವಸು ಬಿಚ್ಚಿದೆ. ನಿಜ.

ಯಂತ್ರದೊಳಗೆ ಯಾರೋ ಸದಾ ಸೌಟು ತಿರುಗಿಸುತ್ತಾರಂತೆ,
ಮೇಲಿನ ಬಿಸುಪನ್ನು ಕೆಳಕ್ಕೆ ಕಲಕುತ್ತ,
ಗಾಳಿ ಸತ್ತ ರಾತ್ರಿಯಲ್ಲೂ.
ಸುನ್ನಿವಾ ನಗುತ್ತಿದ್ದಳೋ ಅಳುತ್ತಿದ್ದಳೋ, ಲೈನು ಸರಿಯಿರಲಿಲ್ಲ.
"ಗೊತ್ತಿದ್ದೇ ಬಿಟ್ಟಿದ್ದಾರೆ ಕಣೇ. ಸೌಟು ತೆಗೆದರೆ
ದಕ್ಷಿಣದ ಬಿರುಗಾಳಿಗಳು ಹದ ತಪ್ಪುತ್ತವೆ."
ಎಂದರೆ ಎಲ್ಲೋ ಯಾರದೋ ಬಂದರು ನೆಟ್ಟಗಿರಲೆಂದು
ನಮ್ಮ ರಾತ್ರಿ ಇಷ್ಟು ವರ್ಷ ಬೆಚ್ಚಗಿತ್ತು, ಕಾಗದದ ಮೇಲೆ.

ಏಪ್ರಿಲ್ಲಿನಲ್ಲಿ ಹೊಸ ಆವೃತ್ತಿ.
ಸೌಟು ನಿಧಾನವಾಗಿದೆ, ನಿಂತಿಲ್ಲ.
ಅದೇ ರಾತ್ರಿಯನ್ನು ಮತ್ತೆ ಓಡಿಸಿ ನೋಡಿದರು:
ಮೈನಸ್ ಮೂವತ್ತು.

ಮಾವನಿಗೆ ತೋರಿಸಿದೆ. ಬಲಗಿವಿಯ ಕಪ್ಪಿಟ್ಟ ಅಂಚನ್ನು
ಸವರಿಕೊಂಡ. "ಇದು ಹೋದದ್ದೂ ನಾಲ್ಕು ಡಿಗ್ರಿಗೇ."
ಬಹಳ ಹೊತ್ತಿನ ಮೇಲೆ, ದಾರದ ಗಂಟು ಬಿಡಿಸುತ್ತ, ಕೇಳಿದ:
"ಆ ಚೌಕಕ್ಕೆ ಕಿಟಕಿ ಇಟ್ಟಿದ್ದಾರಾ,
ಒಳಗಿರುವವರು ಹೊಗೆ ನೋಡಲಿಕ್ಕೆ?"

ಷರಾ ಕಾಲಮಿನಲ್ಲಿ ಬರೆದಿದ್ದೇನೆ.
ಅದರ ಕೆಳಗೆ: ಬ್ರಶ್ಶಿನ ಕೂದಲು ಉದುರುತ್ತಿದೆ,
ಹೊಸದು ಕಳಿಸಿ.