ಎಷ್ಟಿದ್ದರೆ ಸರಿ

ಏಪ್ರಿಲ್ಲಿನ ಮಧ್ಯಾಹ್ನ. ಪಿ.ಬಿ. ರೋಡಿನ ಡಾಂಬರು
ಚಪ್ಪಲಿ ಹಿಡಿದೆಳೆಯುವ ಹೊತ್ತು
ಬಕ್ಕೇಶಪ್ಪ ಬಂದ, ಎರಡೂ ಮೊಣಕಾಲು
ಇಂಜಿನ್ನಿನಿಂದ ದೂರ ಅಗಲಿಸಿಕೊಂಡು,
ಕಚ್ಚುವ ಎತ್ತಿನ ಮೇಲೆ ಕೂತವನ ಹಾಗೆ.

"ಗಾಡಿಗೆ ಜ್ವರ ಬಂದತಿ, ನೋಡು."
ಚೀಲದಿಂದ ಒಂದು ಬಿಳಿ ಪಿಸ್ತೂಲು ತೆಗೆದ.
ಕೊರೊನಾ ಕಾಲದಲ್ಲಿ ಹೋಟೆಲಿನ ಬಾಗಿಲಲ್ಲಿ
ಗಿರಾಕಿಗಳ ಹಣೆಗೆ ಹಿಡಿಯುತ್ತಿದ್ದದ್ದು.
ಸಿಲಿಂಡರಿಗೆ ಗುರಿಯಿಟ್ಟು ಒತ್ತಿದ.
ನಲವತ್ತೆರಡರ ತನಕ ಮಾತ್ರ ಎಣಿಸಲು ಕಲಿತದ್ದು
ಕೆಂಪಾಗಿ ಕಿರುಚಿ
ಅಂಕಿ ಹೇಳದೆ ಕಣ್ಣು ಮುಚ್ಚಿತು.

ಕೈ ಒರೆಸಿಕೊಂಡು ಹೇಳಿದೆ:
ಮನುಷ್ಯರ ಲೆಕ್ಕ ಇದಕ್ಕೆ ಬರಲ್ಲ, ಬಕ್ಕೇಶಣ್ಣ.
ಒಳಗಿನ ಆಯಿಲ್ಲು ತೊಂಬತ್ತು, ನೂರು.
ಹೆಡ್ಡು ನೂರೈವತ್ತು ಮುಟ್ಟಿದರೂ
ಉಂಡು ಎದ್ದಷ್ಟು ಸಲೀಸಾಗಿರುತ್ತದೆ.
ಇನ್ನೂರು ದಾಟಿ, ಇಳಿಯದೆ ಕೂತರೆ
ಆಗ ಬಾ, ಇಬ್ಬರೂ ಹೆದರೋಣ.

ಇದಕ್ಕೆ ರೇಡಿಯೇಟರ್ ಇಲ್ಲ, ನೀರಿಲ್ಲ.
ಈ ರೆಕ್ಕೆಗಳಿವೆಯಲ್ಲ, ಸಾಲಾಗಿ,
ಹಾರೋಕಲ್ಲ, ಕಾವು ಕೊಡವಿಕೊಳ್ಳೋಕೆ.
ಗಾಳಿ ಬಂದು ಒರೆಸಿಕೊಂಡು ಹೋಗಬೇಕು,
ಗಾಳಿ ಬರಬೇಕಂದ್ರೆ ಗಾಡಿ ಓಡಬೇಕು.
ಅಶೋಕ ರೋಡಿನ ಗೇಟು ಬಿದ್ದಾಗ
ಅರಸೀಕೆರೆ ಕಡೆಯ ಗೂಡ್ಸು
ಕೊನೆಯ ಬೋಗಿ ತೋರಿಸುವ ತನಕ
ಆಫ್ ಮಾಡದೆ ಗುರುಗುಡಿಸಿಕೊಂಡು ನಿಲ್ತೀಯಲ್ಲ,
ತಪ್ಪು ಇಂಜಿನ್ನಿನದಾ?

ಕೇಳಿಸಿಕೊಂಡನೋ ಇಲ್ಲವೋ.
ನಾನು ಕುಡಿಯಲಿಟ್ಟ ಚೊಂಬಿಗೆ ಬೆರಳದ್ದಿದ.
"ಏ, ಬಿಸೀ ಇಂಜಿನ್ನಿಗೆ ತಣ್ಣೀರು..."
ಎನ್ನುವಷ್ಟರಲ್ಲಿ ಚಿಮುಕಿಸಿಬಿಟ್ಟಿದ್ದ.
ಎರಡೇ ಹನಿ.

ಚುಸ್.
ಗುಳ್ಳೆಯೆದ್ದು, ನೊರೆಯಾಗಿ, ಕೂತಲ್ಲೇ ಆರಿದವು.
ತಂಬೂರಿ ಶ್ರುತಿ ಹಿಡಿಯುವವನಂತೆ
ತಲೆ ಓರೆ ಮಾಡಿ ಕೇಳಿದ.
ಮುಖದ ಗಂಟು ಒಂದೊಂದೇ ಬಿಚ್ಚಿತು.

"ಥೂ, ಇಷ್ಟೇನಾ?
ಇದರ ಮ್ಯಾಲೆ ಹಿಟ್ಟು ಹುಯ್ದರೆ ಅಂಟಿಕೊಂತತಿ.
ಹನಿ ಬಿದ್ದರೆ ಪಾದರಸದಂಗೆ ಓಡಾಡಬೇಕು,
ಆಗ ಕಾವಲಿ ಕಾದಂಗೆ.
ಇದಿನ್ನೂ ದೋಸೆಗೇ ಬಂದಿಲ್ಲಲೋ!"

ಹಳೇ ಟೂತ್‌ಬ್ರಷ್ಷಿನಿಂದ ರೆಕ್ಕೆ ಸಂದಿಯ
ಎರೆಮಣ್ಣು ಕೆರೆದೆ. ಆಯಿಲ್ಲು ಬದಲಿಸಿದೆ.
ಬರೆದುಕೊಳ್ಳಲೆಂದು ಮೀಟರ್ ನೋಡಿದರೆ
ಹೋದ ಸಲದ ಚೀಟಿಗೂ ಇದಕ್ಕೂ ತಾಳೆಯಿಲ್ಲ.
ಕಳೆದು, ಭಾಗಿಸಿ ನೋಡಿದೆ:
ದಿನಕ್ಕೆ ಮೂವತ್ತೈದು ಕಿಲೋಮೀಟರ್.
ಹೋಟೆಲಿನಿಂದ ನಿಟ್ಟುವಳ್ಳಿಯ ಅವನ ಮನೆಗೆ
ಮೂರೂ ಆಗುವುದಿಲ್ಲ.

ಕೇಳಿದೆ. ಟ್ಯಾಂಕು ಒರೆಸುತ್ತ ಅಂದ:
"ಹತ್ತೂವರೆಗೆ ಒಲೆ ಆರಿಸ್ತೀವಿ.
ಆಮ್ಯಾಲೆ ಹರಿಹರದ ಸೇತುವೆ ತಂಕ.
ಕೆಲಸ ಏನಿಲ್ಲ.
ಹೊಳೆ ನೋಡಾನ ಅಂದ್ರೆ ಕತ್ತಲು.
ಹಂಗೇ ತಿರುಗಿಸಿಕೊಂಡು ಬರ್ತೀನಿ."

ಆ ಅಡಿಗೆಮನೆ ನೋಡಿದ್ದೇನೆ ನಾನು.
ಮುಂದೆ ಒಲೆ, ಹಿಂದೆ ಗೋಡೆ,
ನಡುವೆ ಒಂದಾಳು ನಿಲ್ಲುವಷ್ಟು ಸಂದು.
ಉರಿ ಅಲುಗಾಡುತ್ತದೆಂದು ಫ್ಯಾನು ಹಾಕಿಸಿಲ್ಲ.
ಬೆಣ್ಣೆ ಕರಗಿ ಚರ್ರೆನ್ನುವ ಎದುರು
ಬನಿಯನ್ನು ಬೆನ್ನಿಗಂಟಿಸಿಕೊಂಡು
ಇಪ್ಪತ್ತೊಂದು ವರ್ಷ.
ಅಲ್ಲಿ ಗೇಟು ಬಿದ್ದೇ ಇದೆ.

ಹೊರಡುವ ಮುಂಚೆ ಪಿಸ್ತೂಲನ್ನು
ತನ್ನ ಹಣೆಗೇ ಹಿಡಿದು ಒತ್ತಿದ.
ಹಸಿರು ದೀಪ. ಮೂವತ್ತಾರು ಪಾಯಿಂಟ್ ಎಂಟು.
"ನಾರ್ಮಲ್ಲಂತೆ," ಅಂದು
ಹಲ್ಲು ಪೂರಾ ಕಾಣುವಂತೆ ನಕ್ಕ.
ಕಿಕ್ ಹೊಡೆದ.
ಈ ಸಲ ಮೊಣಕಾಲು ಟ್ಯಾಂಕಿಗೆ ಅಂಟಿಕೊಂಡೇ ಇದ್ದವು.

ರಾತ್ರಿ ಶಟರ್ ಎಳೆಯುವಾಗ
ಹರಿಹರದ ಕಡೆಗೆ ಒಂದು ಸದ್ದು ಹೋಯಿತು.
ನೋಡಬೇಕಿಲ್ಲ, ಅವನದೇ.
ಟ್ಯಾಪೆಟ್ಟು ಒಂಚೂರು ಸಡಿಲ ಬಿಟ್ಟಿದ್ದೇನೆ.
ನಾಳೆ ಕರೆಸಿ ಬಿಗಿಮಾಡಬೇಕು.