ಆರು ನಿಮಿಷದ ನಡಿಗೆ

ಮೂವತ್ತು ಮೀಟರಿನ ಕಾರಿಡಾರು.
ಈ ತುದಿಗೊಂದು ಕಿತ್ತಳೆ ಶಂಕು, ಆ ತುದಿಗೊಂದು.
ನಡುವೆ ಒಂದೇ ಕಿಟಕಿ,
ಅದರಾಚೆ ವಾಲ್ಪರೈಸೊದ ಬಂದರು.
ನನ್ನ ಕೈಲಿ ಗಡಿಯಾರ.
ಹುರಿದುಂಬಿಸುವಂತಿಲ್ಲ, ಚಪ್ಪಾಳೆ ತಟ್ಟುವಂತಿಲ್ಲ,
ನಿಮಿಷಕ್ಕೊಂದು ಸಲ, ಬರೆದುಕೊಟ್ಟ ವಾಕ್ಯವನ್ನಷ್ಟೆ
ಏರಿಳಿತವಿಲ್ಲದೆ ಹೇಳಬೇಕು:
ಚೆನ್ನಾಗಿ ನಡೀತಿದ್ದೀಯ, ಇನ್ನು ಐದು ನಿಮಿಷ.

ಯಾಸ್ನಾ. ಹದಿನಾಲ್ಕು ವರ್ಷ.
ಎಕ್ಸ್‌ರೇಯಲ್ಲಿ ಅವಳ ಬೆನ್ನುಮೂಳೆ
ಬಲಕ್ಕೆ ಹೊರಟು, ಮನಸ್ಸು ಬದಲಿಸಿ,
ಸೊಂಟದ ಹತ್ತಿರ ಎಡಕ್ಕೆ ಬಂದಿದೆ.
ಮೂವತ್ತೆಂಟು ಡಿಗ್ರಿ ಎಂದಿತು ವೈದ್ಯರ ಪೆನ್ಸಿಲ್ಲು.
ಬಲಪಕ್ಕೆ ಬಿಚ್ಚಿದ ಬೀಸಣಿಗೆ,
ಎಡಪಕ್ಕೆ ಮಡಚಿ ಯಾರೋ ಕಂಕುಳಲ್ಲಿ ಇಟ್ಟುಕೊಂಡದ್ದು.
ಗಾಳಿ ಮನೆಯೊಳಗೆ ಬರುತ್ತದೆ,
ಒಂದು ಕೋಣೆಗೆ ಮಾತ್ರ ಬೀಗ.

ಮೊದಲ ದಿನ ಕೊಳವೆಗೆ ಊದಿಸಿದೆ.
ಅಲ್ಲಿ ಕೂಗಬಹುದು ನಾನು, ಕೂಗಿದೆ:
ಊದು ಊದು ಊದು ಇನ್ನೂ ಇನ್ನೂ ಇನ್ನೂ
ಮೂಗಿಗೆ ಕ್ಲಿಪ್ಪು ಹಾಕಿಕೊಂಡ ಹುಡುಗಿ
ಕಣ್ಣಲ್ಲಿ ನೀರು ಬರುವ ತನಕ ಊದಿ
ಪರದೆಯ ಗೆರೆ ನೋಡಿ ಕೇಳಿದಳು:
"ಇಷ್ಟೇನಾ ನಾನು?"

ಹಗಲು ರಾತ್ರಿ ಪ್ಲಾಸ್ಟಿಕ್ಕಿನ ಕವಚ.
ಒಳಗೊಂದು ಹತ್ತಿ ಬನಿಯನ್ನು; ತಾಯಿ ಒರ್ಮೆಲಿಂಡಾ
ಅದಕ್ಕೆ ದಿನಾ ಇಸ್ತ್ರಿ ಹಾಕುತ್ತಾಳೆ,
ಒಂದು ಸುಕ್ಕು ಉಳಿದರೂ ಸಂಜೆಗೆ ಚರ್ಮದ ಮೇಲೆ ಅಚ್ಚು.
ಮನೆ ಇರುವುದು ಚಿಟ್ಟೆಗಳ ಗುಡ್ಡದಲ್ಲಿ
(ಹೆಸರು ಹಾಗೆ, ಚಿಟ್ಟೆ ನಾನು ಕಂಡಿಲ್ಲ),
ನೂರ ಎಂಬತ್ತಾರು ಮೆಟ್ಟಿಲು ಮೇಲೆ.
ಹಳಿ ಹಿಡಿದು ಗುಡ್ಡ ಹತ್ತುತ್ತಿದ್ದ ಡಬ್ಬಿ ಕೆಟ್ಟು ಎರಡು ವರ್ಷ,
ಅದರೊಳಗೀಗ ಬೆಕ್ಕುಗಳ ಸಂಸಾರ.

ಗೆಳತಿಯರು ದಡದಡ ಹತ್ತುತ್ತಾರೆ, ಹರಟೆ ನಿಲ್ಲಿಸದೆ.
ನಲವತ್ತನೇ ಮೆಟ್ಟಿಲಲ್ಲಿ ಯಾಸ್ನಾ ತಿರುಗಿ ನಿಲ್ಲುತ್ತಾಳೆ:
"ತಡೀರೇ, ಹಡಗು ನೋಡ್ತೀನಿ."
ತೊಂಬತ್ತರಲ್ಲಿ ಮತ್ತೆ ಹಡಗು.
ನೂರ ಮೂವತ್ತರಲ್ಲಿ,
ಮಂಜು ಕವಿದು ಸಮುದ್ರವೇ ಕಾಣದ ದಿನವೂ,
ಹಡಗು.
ದಮ್ಮು ಕಟ್ಟುವ ಸಂಗತಿಯನ್ನು ಮೂರು ವರ್ಷ
ಯಾರ ಮುಂದೆಯೂ ಉಸಿರೆತ್ತಿರಲಿಲ್ಲ.
ಎತ್ತೋದಕ್ಕೆ ಉಸಿರೇ ಸಾಲ್ತಿರಲಿಲ್ಲ ಎಂದು
ನನ್ನೆದುರು ನಕ್ಕಳು.

ಎಂಟು ತಿಂಗಳು ಆ ಬೀಗದ ಮುಂದೆ ಕೂತೆವು.
ಅವಳ ಎಡಬೆನ್ನಿನ ತಗ್ಗಿನಲ್ಲಿ ನನ್ನ ಎರಡು ಬೆರಳು:
ಇಲ್ಲಿಗೆ ಕಳಿಸು. ಭುಜಕ್ಕೆ ಬೇಡ, ಹೊಟ್ಟೆಗೆ ಬೇಡ, ಇಲ್ಲಿಗೆ.
ಮೊದಲು ಏನೂ ಇಲ್ಲ.
ಆಮೇಲೂ ಏನೂ ಇಲ್ಲ.
ಜುಲೈ ತಿಂಗಳ ಕೊರೆಯುವ ಚಳಿಯ ಒಂದು ಬೆಳಿಗ್ಗೆ
ಬೆರಳ ಕೆಳಗೆ, ಕಲಸಿಟ್ಟ ಹಿಟ್ಟು ಉಬ್ಬುವ ಹಾಗೆ,
ಇಷ್ಟೇ ಇಷ್ಟು, ಏನೋ ಎದ್ದಿತು.
ಇಬ್ಬರೂ ಮಾತಾಡಲಿಲ್ಲ.
ಡೊಂಕು ಹೋಗಿರಲಿಲ್ಲ. ಹೋಗುತ್ತದೆಂದು ನಾನು ಹೇಳಿಯೂ ಇರಲಿಲ್ಲ.

ಇವತ್ತು ಮತ್ತೆ ಕಾರಿಡಾರು.
ಚೆನ್ನಾಗಿ ನಡೀತಿದ್ದೀಯ, ಇನ್ನು ಐದು.
ಶಂಕು ಸುತ್ತಿ ಬರುವ ಬೂಟಿನ ಸದ್ದು ಒಂದೇ ಸಮ.
ಇನ್ನು ನಾಲ್ಕು. ಇನ್ನು ಮೂರು.
ಬೆರಳು ಕಚ್ಚಿಕೊಂಡ ಪುಟ್ಟ ಯಂತ್ರದಲ್ಲಿ ತೊಂಬತ್ತೇಳು.
ನಾಲ್ಕನೇ ನಿಮಿಷ ದಾಟಿ, ಕಿಟಕಿಯ ಬಳಿ,
ನಿಂತುಬಿಟ್ಟಳು.

ಗಡಿಯಾರ ನಿಲ್ಲಿಸುವಂತಿಲ್ಲ.
ನನ್ನೆದೆ ಧಸಕ್ಕೆಂದಿತು: ಮತ್ತೆ ಬೀಗವೇ?

"ಕ್ರೇನಿನ ಪಕ್ಕ, ನೀಲಿ ಹೊಟ್ಟೆಯದು," ಅಂದಳು,
ಒಂದೇ ಉಸಿರಿಗೆ, ಎಲ್ಲೂ ತುಂಡಾಗದೆ,
"ಬಾವುಟ ಲೈಬೀರಿಯಾದ್ದು, ನಾವಿಕರು ಫಿಲಿಪೀನ್ಸಿನವರು,
ಹೋದ ವರ್ಷ ಬಾಳೆಹಣ್ಣು ತಂದಿತ್ತು,
ಈ ಸಲ ನೋಡಿ, ನೀರಿಂದ ಎಷ್ಟು ಮೇಲೆ ತೇಲ್ತಿದೆ,
ಖಾಲಿ, ಒಳಗೆ ಬರೀ ಗಾಳಿ."

ಹನ್ನೊಂದು ಸೆಕೆಂಡು. ಆಮೇಲೆ ನಡೆದಳು.

ಫಾರಮಿನಲ್ಲಿ, ನಿಂತ ಕಾರಣ:
ಏದುಸಿರು, ಕಾಲುನೋವು, ತಲೆಸುತ್ತು, ಇತರೆ.
ಇತರೆಗೆ ಗುರುತು ಹಾಕಿ
ಪಕ್ಕದ ಒಂದಿಂಚು ಗೆರೆಯ ಮೇಲೆ
ಹಡಗು ಎಂದು ಬರೆದೆ.
ಹದಿನೇಳು ಮೀಟರು ಅವಳಿಗೆ ನಷ್ಟ.

ಹೊರಗೆ ಬೆಂಚಿನ ಮೇಲೆ ಒರ್ಮೆಲಿಂಡಾ
ಖಾಲಿ ಕವಚವನ್ನು ತಬ್ಬಿ ಕೂತಿದ್ದಳು,
ಬನಿಯನ್ನು ಅದರೊಳಗೆ ಬೆಚ್ಚಗೆ.
ಪಟ್ಟಿ ಬಿಗಿಯುವ ಮುಂಚೆ ಯಾಸ್ನಾ
ಎದೆ ತುಂಬ, ಬೆನ್ನು ತುಂಬ ಎಳೆದುಕೊಂಡು ನಿಂತಳು.
ಹಳೆಯ ಉಪಾಯ: ಆಮೇಲೆ ಬಿಟ್ಟರೆ
ಒಳಗೆ ಒಂದು ಬೆರಳಿನಷ್ಟು ಜಾಗ ಉಳಿಯುತ್ತದೆ.
ನಾನು ನೋಡಿದೆ.
ಉಸಿರೆತ್ತಲಿಲ್ಲ.